ಲಾಂಛನವು ಯಾರ ಸೊತ್ತು?

ಇಂಗ್ಲಂಡದ ಜಾಗ್ವಾರ ಮೋಟಾರು ಸಂಸ್ಥೆಯವರು 2024ನೆಯ ಇಸವಿಯ ನವೆಂಬರ ತಿಂಗಳಲ್ಲಿ ತಮ್ಮ ಹಳೆಯ ಲಾಂಛನಗಳನ್ನು ಕೆಳಗಿಳಿಸಿ ಹೊಸ ಮುದ್ರೆಗಳನ್ನು ಪ್ರಕಟಿಸಿದುದೂ, ಅದರಿಂದ ದೇಶದೇಶಗಳ ಮೋಟಾರು ಪ್ರಿಯರಲ್ಲಿ ದೊಡ್ಡ ಅಸಮಾಧಾನವೆದ್ದುದೂ ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಬಾಯಿ ತೆರೆದು ಗರ್ಜಿಸುವ ಮೃಗದ ಮುಖಮುದ್ರೆಯು ಮರೆಯಾಯಿತು. ದೊಡ್ಡಕ್ಷರಗಳಲ್ಲಿ ಗಂಭೀರವಾಗಿ ಬರೆಯಲ್ಪಡುತ್ತಿದ್ದ ಹೆಸರು ಹೋಗಿ, ದೊಡ್ಡ ಸಣ್ಣ ಅಕ್ಷರಗಳನ್ನು ಬೆರೆಸಿದ ಹೊಸ ಬರವಣಿಗೆಯು ಬಂದಿತು. ನೆಗೆಯುವ ಮೃಗದ ಆಕಾರವೊಂದು ಮಾತ್ರ ರೂಪ ಬದಲಿಸಿಕೊಂಡು, ಹಿತ್ತಾಳೆಯ ಮೇಲಣ ಗೆರೆಗಳ ನಡುವೆ ಉಳಿದುಕೊಂಡಿತು. ಇದೆಲ್ಲವನ್ನು ಸಾರುವದಕ್ಕಾಗಿ ಹೊರಡಿಸಿದ ಜಾಹೀರಾತಿನಲ್ಲಿ ಬಣ್ಣಬಣ್ಣದ ಉಡುಪಿನ ಜನರಿದ್ದರು. ಮೋಟಾರು ಗಾಡಿಯೊಂದೂ ಇರಲಿಲ್ಲ. ಅಮೇರಿಕೆಯ ವಿದ್ಯುತ್ ಮೋಟಾರುಗಳ ಉದ್ಯಮಿ ಇಲಾನ್ ಮಸ್ಕ ಇವರು, ತಾವು ಮೋಟಾರುಗಳನ್ನು ಮಾರುವವರೇ ಹೌದೋ ಎಂದು ಬಹಿರಂಗವಾಗಿ ಕೇಳಿ ಗೇಲಿ ಮಾಡಿದರು.

ಇದು ಶ್ರೀಮಂತರ ವಾಹನದ ಸಂಗತಿ. ನಮ್ಮ ಊರುಗಳ ನೀರು, ರಸ್ತೆ, ಶಾಲೆಗಳ ಪ್ರಶ್ನೆಗಳು ಬಾಯಿ ತೆರೆದುಕೊಂಡಿರುವಾಗ ಇದಕ್ಕೊಂದು ಅಗ್ರಲೇಖವೇಕೆಂದು ಕೆಲವರು ಆಕ್ಷೇಪಿಸಬಹುದು. ಅದಕ್ಕೆ ನಮ್ಮ ಉತ್ತರವು ಎರಡು ಬಗೆಯದಾಗಿದೆ. ಮೊದಲನೆಯದು, ಈ ಸಂಸ್ಥೆಯ ಒಡೆತನವು ಇಂದು ಇಂಗ್ಲಂಡದವರದಲ್ಲ. 2008ರಲ್ಲಿ ನಮ್ಮ ದೇಶದ ಟಾಟಾ ಸಮೂಹದವರು ಅಮೇರಿಕೆಯ ಫೋರ್ಡ ಕಂಪನಿಯಿಂದ ಜಾಗ್ವಾರ ಮತ್ತು ಲ್ಯಾಂಡ ರೋವರ ಎರಡನ್ನೂ 230 ಕೋಟಿ ಡಾಲರುಗಳಿಗೆ ಕೊಂಡುಕೊಂಡರು. ಒಂದು ಕಾಲಕ್ಕೆ ನಮ್ಮನ್ನಾಳಿದವರ ನಾಡಿನ ಹೆಮ್ಮೆಯ ವಸ್ತುವು ನಮ್ಮವರ ಕೈಸೇರಿತೆಂದು ಅಂದು ನಾವೆಲ್ಲರೂ ಹಿಗ್ಗಿದೆವು. ಆ ಹಿಗ್ಗಿನಲ್ಲಿ ಪಾಲುಗೊಂಡವರು ಈಗಿನ ಪ್ರಶ್ನೆಯಲ್ಲಿ ಪಾಲುಗೊಳ್ಳದೆ ತಪ್ಪಿಸಿಕೊಳ್ಳುವದು ಸರಿಯಲ್ಲ. ಎರಡನೆಯದು, ಪ್ರಶ್ನೆಯು ಮೋಟಾರಿಗಷ್ಟೇ ಸಂಬಂಧಪಟ್ಟುದಲ್ಲ. ಬಹುಕಾಲ ಬಹುಜನರು ಪ್ರೀತಿಸಿದ ಒಂದು ಹೆಸರು, ಒಂದು ಮುದ್ರೆ, ಅದರ ಯಜಮಾನನೊಬ್ಬನದೇ ಸೊತ್ತೋ? ಇದು ಅಂಗಡಿ, ಶಾಲೆ, ಪತ್ರಿಕೆ ಎಲ್ಲಕ್ಕೂ ತಗಲುವ ಪ್ರಶ್ನೆಯಾಗಿರುತ್ತದೆ.

ಈ ಹೆಸರಿನ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವದು ಅವಶ್ಯವಿದೆ. 1922ರಲ್ಲಿ ವಿಲಿಯಮ್ ಲಾಯನ್ಸ ಮತ್ತು ವಿಲಿಯಮ್ ವಾಮ್ಸ್ಲಿ ಎಂಬಿಬ್ಬರು ತರುಣರು ಬ್ಲ್ಯಾಕ್‌ಪೂಲ ಪಟ್ಟಣದಲ್ಲಿ ಮೋಟಾರ ಸೈಕಲ್ಲುಗಳಿಗೆ ಜೋಡಿಸುವ ಪಕ್ಕದ ತೊಟ್ಟಿಲುಗಳನ್ನು ಮಾಡುವ ಸಣ್ಣ ಕಾರಖಾನೆಯನ್ನು ತೆರೆದರು. 1928ರಲ್ಲಿ ಕಾರಖಾನೆಯು ಕೋವೆಂಟ್ರಿಗೆ ಬಂದಿತು. ಮುಂದೆ ಎಸ್. ಎಸ್. ಎಂಬ ಹೆಸರಿನಿಂದ ಪೂರ್ಣ ಮೋಟಾರುಗಳು ಹೊರಟವು. 1935ರಲ್ಲಿ ಅವುಗಳಿಗೆ ದಕ್ಷಿಣ ಅಮೇರಿಕೆಯ ಕಾಡಿನ ಚಿರತೆಯಂಥ ಮೃಗದ ಹೆಸರು ಸೇರಿತು. ಗಾರ್ಡನ್ ಕ್ರಾಸ್ಬಿ ಎಂಬ ಚಿತ್ರಕಾರರು ನೆಗೆಯುವ ಮೃಗದ ಲೋಹಮೂರ್ತಿಯನ್ನು ರೂಪಿಸಿಕೊಟ್ಟರು. 1948ರಲ್ಲಿ ಗಂಟೆಗೆ 120 ಮೈಲಿನ ವೇಗವನ್ನು ಹೆಸರಿನಲ್ಲಿಯೇ ಹೊತ್ತ ಗಾಡಿಯು ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಫ್ರಾನ್ಸಿನ ಲ ಮಾನ್ ಎಂಬಲ್ಲಿ ಹಗಲೂ ರಾತ್ರಿ 24 ಗಂಟೆಗಳ ಕಾಲ ನಡೆಯುವ ಪಂದ್ಯವನ್ನು ಜಾಗ್ವಾರ ಗಾಡಿಗಳು 1951, 1953, 1955, 1956, 1957 ಈ ಇಸವಿಗಳಲ್ಲಿಯೂ, ಮೂರು ದಶಕಗಳ ತರುವಾಯ 1988 ಮತ್ತು 1990ರಲ್ಲಿಯೂ ಗೆದ್ದವು. 1961ರ ಇ-ಟೈಪ್ ಗಾಡಿಯು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಚಿತ್ರ ಶಿಲ್ಪಗಳ ಸಾಲಿನಲ್ಲಿ ಸ್ಥಾನ ಪಡೆದಿದೆ.

ಈ ವೃತ್ತಾಂತದಲ್ಲಿ ನಮ್ಮ ವಾಚಕರು ಒಂದು ಅಂಶವನ್ನು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ಬಿನ್ನವಿಸುತ್ತೇವೆ. 1956 ಮತ್ತು 1957ರ ವಿಜಯಗಳು ಸಂಸ್ಥೆಯ ಸ್ವಂತ ದಳದವಲ್ಲ. ಸ್ಕಾಟ್ಲಂಡದ ಎಡಿನ್‌ಬರೋದ ಎಕ್ಯುರಿ ಎಕೋಸ್ ಎಂಬ ಖಾಸಗಿ ತಂಡದವರು ಗೆದ್ದುಕೊಟ್ಟವು. 1957ರ ಪಂದ್ಯದ ಹೊತ್ತಿಗೆ ಸಂಸ್ಥೆಯು ತನ್ನ ದಳವನ್ನು ಪಂದ್ಯಗಳಿಂದ ಹಿಂದೆಗೆದುಕೊಂಡಿದ್ದಿತು. ಆದರೂ ಆ ವರ್ಷ ಮೊದಲಿನ ನಾಲ್ಕು ಸ್ಥಾನಗಳೂ ಜಾಗ್ವಾರಕ್ಕೇ ಬಂದವು. ಅಂದಮೇಲೆ ಆ ಮುದ್ರೆಯ ಕೀರ್ತಿಯನ್ನು ಕಾರಖಾನೆಯ ಯಜಮಾನರು ಮಾತ್ರ ಗಳಿಸಿದರೆಂದು ಹೇಳಲು ಬರುವದಿಲ್ಲ. ಕೊಂಡವರು, ಓಡಿಸಿದವರು, ಮುರಿದಾಗ ರಿಪೇರಿ ಮಾಡಿ ನಿಲ್ಲಿಸಿದವರು, ಬಿಡಿ ಭಾಗಗಳಿಗಾಗಿ ಊರೂರು ಅಲೆದವರು, ತಂದೆಯ ಗಾಡಿಯನ್ನು ಮಾರಲಾರದೆ ಮಗನಾಗಿ ಕಾಪಾಡಿಕೊಂಡವರು, ಇವರೆಲ್ಲರೂ ಅದರಲ್ಲಿ ಸ್ವಲ್ಪ ಸ್ವಲ್ಪವಾಗಿ ಠೇವಣಿ ಇಟ್ಟಿರುತ್ತಾರೆ. ಕಾಗದಪತ್ರಗಳಲ್ಲಿ ಮುದ್ರೆಯು ಯಜಮಾನನದು. ಅದರ ಬೆಲೆಯು ಠೇವಣಿದಾರರದು. ಆದುದರಿಂದ ಮೋಟಾರು ಪ್ರಿಯರು ವ್ಯಸನಪಟ್ಟುದನ್ನು ಕೇವಲ ಹುಚ್ಚಾಟವೆಂದು ತಳ್ಳಿಹಾಕುವದು ನ್ಯಾಯವಲ್ಲ.

ಈ ಮಾತನ್ನು ನಾವು ಸ್ವಾನುಭವದಿಂದ ಹೇಳುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಯ ಶಿರೋನಾಮದ ಅಕ್ಷರಗಳನ್ನು ಬದಲಿಸಿದೆವು. ಹಳೆಯ ಅಚ್ಚು ಸವೆದು ಹೋಗಿದ್ದಿತು. ಹೊಸ ಯಂತ್ರದ ಮೇಲೆ ಅದು ಕಪ್ಪು ಮುದ್ದೆಯಾಗಿ ಮೂಡುತ್ತಿದ್ದಿತು. ನಮಗೆ ಅದು ತೀರ ಸಣ್ಣ ಕೆಲಸವೆನಿಸಿದ್ದರಿಂದ ವಾಚಕರಿಗೆ ಒಂದು ಮಾತು ತಿಳಿಸಲಿಲ್ಲ. ಅದೇ ದಿನ ಬೆಳಗಿನಲ್ಲಿ ನಿವೃತ್ತ ಶಿರಸ್ತೆದಾರರೊಬ್ಬರು, ನಮ್ಮ ತೀರ್ಥರೂಪರ ಕಾಲದಿಂದ ಚಂದಾದಾರರು, ಕೋಲೂರಿಕೊಂಡು ಕಚೇರಿಯ ಮೆಟ್ಟಿಲೇರಿ ಬಂದರು. ಪತ್ರಿಕೆಯನ್ನು ಮೇಜಿನ ಮೇಲಿಟ್ಟು, “ಪತ್ರಿಕೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿರಾ, ರಾಯರೇ?” ಎಂದು ಕೇಳಿದರು. ಇಲ್ಲವೆಂದು ಹೇಳಿದಾಗ ಅವರ ಮುಖದಲ್ಲಿ ಕಂಡ ಸಮಾಧಾನವನ್ನು ನೋಡಿ ನಾವು ನಾಚಿದೆವು. ಅಕ್ಷರದ ಅಂದಚಂದವು ಅವರ ಚಿಂತೆಯಾಗಿರಲಿಲ್ಲ. ತಾವು ನಂಬಿದ ಕೈಯೇ ಇನ್ನೂ ಇದೆಯೋ ಇಲ್ಲವೋ ಎಂಬದು ಅವರ ಚಿಂತೆಯಾಗಿದ್ದಿತು. ಜಾಗ್ವಾರದ ಅಭಿಮಾನಿಗಳು ಕೇಳುತ್ತಿರುವದೂ ಇದೇ ಪ್ರಶ್ನೆಯೆಂದು ನಮಗೆ ತೋರುತ್ತದೆ.

ಇಷ್ಟು ಹೇಳಿದ ಮೇಲೆ ಯಜಮಾನರ ಪಕ್ಷವನ್ನೂ ನಿಷ್ಪಕ್ಷಪಾತವಾಗಿ ನೋಡತಕ್ಕದ್ದು. ಅಭಿಮಾನಿಗಳ ಪ್ರೀತಿಯಿಂದ ಕಾರಖಾನೆಯ ಬಾಯ್ಲರು ಕಾಯುವದಿಲ್ಲ. 2018ರಲ್ಲಿ ಜಗತ್ತಿನಲ್ಲಿ ಸುಮಾರು 1,80,000 ಜಾಗ್ವಾರ ಗಾಡಿಗಳು ಮಾರಾಟವಾಗಿದ್ದರೆ, 2024ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಅವುಗಳ ಸಂಖ್ಯೆಯು ಸುಮಾರು 67,000ಕ್ಕೆ ಇಳಿಯಿತು. ಮುದ್ರೆಗಾಗಿ ಕಣ್ಣೀರಿಟ್ಟವರೆಲ್ಲರೂ ಗಾಡಿಯನ್ನು ಕೊಂಡಿದ್ದರೆ ಈ ಇಳಿತವು ಬರುತ್ತಿರಲಿಲ್ಲ. ಜರ್ಮನಿಯ ದೊಡ್ಡ ಕಾರಖಾನೆಗಳೊಡನೆ ಅವರದೇ ಬಗೆಯ ಗಾಡಿಗಳನ್ನು ಮಾಡಿ ಸ್ಪರ್ಧಿಸುವದು ಸಾಗದೆಂದು ಕಂಡುಕೊಂಡು, 2021ರ ಫೆಬ್ರುವರಿಯಲ್ಲಿಯೇ ಯಜಮಾನರು ಜಾಗ್ವಾರವನ್ನು ಸಂಪೂರ್ಣವಾಗಿ ವಿದ್ಯುತ್ ಗಾಡಿಗಳ ಮುದ್ರೆಯನ್ನಾಗಿ ಮಾಡುವೆವೆಂದು ಸಾರಿದ್ದರು. ಕಡಿಮೆ ಸಂಖ್ಯೆ, ಹೆಚ್ಚಿನ ಬೆಲೆ, ಹೊಸ ಗಿರಾಕಿಗಳು: ಇದು ಅವರ ಯೋಜನೆ. ಜಾಗ್ವಾರವು ಯಾವದರ ನಕಲೂ ಆಗಕೂಡದೆಂಬ ಸ್ಥಾಪಕ ಲಾಯನ್ಸರ ತತ್ವಕ್ಕೇ ತಾವು ಮರಳುತ್ತಿರುವದಾಗಿ ಅವರು ಹೇಳಿಕೊಳ್ಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹಳೆಯದನ್ನು ಕದಲಿಸಲೇಬಾರದೆಂದರೆ ಪಕ್ಕದ ತೊಟ್ಟಿಲುಗಳ ಕಾರಖಾನೆಯು ಎಂದೂ ಮೋಟಾರಿನ ಕಾರಖಾನೆಯಾಗುತ್ತಿರಲಿಲ್ಲ.

ಬದಲಾವಣೆಯು ಈ ಸಂಸ್ಥೆಗೆ ಹೊಸದೂ ಅಲ್ಲ. ಎರಡನೆಯ ಮಹಾಯುದ್ಧವು ಮುಗಿಯುತ್ತಿದ್ದ 1945ರಲ್ಲಿ ಲಾಯನ್ಸರು ಎಸ್. ಎಸ್. ಎಂಬ ತಮ್ಮ ಹೆಸರನ್ನೇ ಬಿಟ್ಟುಕೊಟ್ಟರು. ಹಿಟ್ಲರನ ಕ್ರೂರ ಪಡೆಯ ಹೆಸರೂ ಅದೇ ಎರಡಕ್ಷರವಾಗಿದ್ದುದರಿಂದ ಸಭ್ಯ ಜನರ ಬಾಯಲ್ಲಿ ಅದು ನಿಲ್ಲುವಂತಿರಲಿಲ್ಲ. ಆಗ ಅವರು ಮಾಡಿದ್ದೇನು? ಕೆಟ್ಟುಹೋದ ಹೆಸರನ್ನು ಬಿಟ್ಟು, ಜನರು ಹತ್ತು ವರ್ಷಗಳಿಂದ ಒಪ್ಪಿದ್ದ ಜಾಗ್ವಾರ ಎಂಬ ಹೆಸರನ್ನೇ ಇಡೀ ಸಂಸ್ಥೆಗೆ ಇಟ್ಟರು. ಕಾರಣವು ಬೀದಿಯ ಬಾಲಕನಿಗೂ ತಿಳಿಯುವಂತಹದಾಗಿದ್ದಿತು. ಗಾಡಿಯ ಮೂತಿಯ ಮೇಲಿನ ಲೋಹದ ಮೃಗವನ್ನು ಮುಂದೊಂದು ಕಾಲಕ್ಕೆ ತೆಗೆಯಬೇಕಾದಾಗಲೂ, ಅಡ್ಡ ಬಂದ ಪಾದಚಾರಿಗೆ ಅದರಿಂದ ಪೆಟ್ಟಾದೀತೆಂಬ ಕಾರಣವು ಎಲ್ಲರೂ ಬಲ್ಲಂತಹದಾಗಿದ್ದಿತು.

2024ರಲ್ಲಿ ನಡೆದ ಕ್ರಮವು ಇದಕ್ಕೆ ವಿಪರೀತವಾಗಿದೆ. ಈ ಸಲ ಬಿಟ್ಟುಬಿಟ್ಟ ಮುಖಮುದ್ರೆಗೆ ಯಾವ ಕಲಂಕವೂ ತಗಲಿರಲಿಲ್ಲ. ಹೊಸ ಮುದ್ರೆಯನ್ನು ಸಾರಿದ ಅದೇ ತಿಂಗಳಲ್ಲಿ ತಮ್ಮ ಹುಟ್ಟುನಾಡಾದ ಬ್ರಿಟನ್ನಿನಲ್ಲಿ ಹೊಸ ಗಾಡಿಗಳ ಮಾರಾಟವನ್ನೂ ನಿಲ್ಲಿಸಿದರು. ಮರು ತಿಂಗಳು ಅಮೇರಿಕೆಯ ಮಯಾಮಿಯಲ್ಲಿ ತೋರಿಸಿದುದು ಮಾದರಿಯ ಗಾಡಿ; ಮಾರಾಟದ ಗಾಡಿಯಲ್ಲ. ಇದು ಹಳೆಯ ಮನೆಯನ್ನು ಕೆಡವಿ, ಒಕ್ಕಲಿದ್ದವರ ಕೈಗೆ ಹೊಸ ಮನೆಯ ನಕ್ಷೆಯನ್ನು ಕೊಟ್ಟಂತಾಯಿತು. ಒಳ್ಳೆಯ ಗಾಡಿಯು ಮೊದಲು ಬೀದಿಗಿಳಿದಿದ್ದರೆ ಅದರ ಮುಖದ ಮೇಲಿನ ಮುದ್ರೆಯನ್ನು ಜನರು ತಾವಾಗಿ ಒಪ್ಪುತ್ತಿದ್ದರು. ಮುದ್ರೆಯು ಕೆಲಸದ ಹಿಂದೆ ಬರತಕ್ಕದ್ದೇ ಹೊರತು ಕೆಲಸದ ಮುಂದೆ ಅಲ್ಲ. ಟೀಕಿಸಿದವರ ಗುಂಪಿನಲ್ಲಿ ಉಡುಪನ್ನೂ ವರ್ಣವನ್ನೂ ಹಂಗಿಸಿದ ಕ್ಷುದ್ರರೂ ಇದ್ದರೆಂಬದನ್ನು ನಾವು ಬಲ್ಲೆವು; ಅವರ ಮಾತಿಗೆ ನಮ್ಮ ಸಮ್ಮತಿಯಿಲ್ಲ. ಆದರೆ ಅವರ ನೆವದಿಂದ ನಿಜವಾದ ಅಭಿಮಾನಿಗಳ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವದು ಯಜಮಾನರಿಗೆ ಶ್ರೇಯಸ್ಕರವಲ್ಲ.

ಹೆಸರುಗಳನ್ನು ಕಳೆದುಕೊಳ್ಳುವ ದುಃಖವು ನಮ್ಮ ದೇಶಕ್ಕೂ ಗೊತ್ತಿರುವದೇ. ನಮ್ಮ ಅಧಿಕಾರಿ ವರ್ಗದವರು ಅರ್ಧ ಶತಮಾನದ ಮೇಲೆ ಯಾವ ಬಿಳಿಯ ಗಾಡಿಯಲ್ಲಿ ಫಿರತಿ ಮಾಡಿದರೋ, ಆ ಅಂಬಾಸಿಡರ ಗಾಡಿಯ ತಯಾರಿಕೆಯು 2014ರಲ್ಲಿ ಬಂಗಾಲದ ಉತ್ತರಪಾರಾದಲ್ಲಿ ನಿಂತಿತು. 2017ರಲ್ಲಿ ಅದರ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕಂಪನಿಗೆ 80 ಕೋಟಿ ರೂಪಾಯಿಗಳಿಗೆ ಮಾರಿದರು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು 1961ರಿಂದ ಜಾವಾ ಮೋಟಾರ ಸೈಕಲ್ಲುಗಳನ್ನೂ, 1973ರಿಂದ ಯೆಜ್ಡಿ ಎಂಬ ಹೆಸರಿನವನ್ನೂ ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಆ ಹೆಸರನ್ನು ಬದುಕಿಸಿದವರು ಯಾರು? ಬೆಂಗಳೂರು, ಮೈಸೂರುಗಳ ಗಲ್ಲಿಗಳ ಮೆಕ್ಯಾನಿಕರು, ಗುಜರಿಯಲ್ಲಿ ಬಿಡಿ ಭಾಗ ಹುಡುಕಿದ ಹುಡುಗರು, ವರ್ಷಕ್ಕೊಮ್ಮೆ ಹಳೆಯ ಗಾಡಿಗಳನ್ನು ತೊಳೆದು ತಂದು ಒಂದೆಡೆ ಕೂಡುವ ಅಭಿಮಾನಿಗಳು. ಇಪ್ಪತ್ತೆರಡು ವರ್ಷಗಳ ತರುವಾಯ 2018ರಲ್ಲಿ ಮಹೀಂದ್ರಾ ಸಮೂಹದವರು ಜಾವಾ ಹೆಸರನ್ನು ಪುನಃ ಪೇಟೆಗೆ ತಂದಾಗ, ಕಾದುಕೊಂಡಿದ್ದ ಗಿರಾಕಿಗಳು ಅವರಿಗೆ ಸಿದ್ಧವಾಗಿಯೇ ದೊರೆತರು. ಕಾರಖಾನೆಯಿಲ್ಲದೆ ಹೆಸರು ಬದುಕಬಹುದು, ಅಭಿಮಾನಿಗಳಿಲ್ಲದೆ ಬದುಕಲಾರದು.

ಶ್ರೀರಾಮನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ಭರತನು ಹದಿನಾಲ್ಕು ವರ್ಷ ರಾಜ್ಯವಾಳಿದ ಕಥೆಯು ನಮ್ಮ ಮಕ್ಕಳಿಗೂ ಗೊತ್ತು. ಆಜ್ಞೆ ಮಾಡುವ ಅಧಿಕಾರವು ಪೂರ್ಣವಾಗಿ ಅವನದೇ ಆಗಿದ್ದಿತು. ಆದರೂ ತಾನು ಒಡೆಯನಲ್ಲ, ಕಾಯುವವನೆಂಬದನ್ನು ಅವನು ಒಂದು ದಿನವೂ ಮರೆಯಲಿಲ್ಲ. ಪರರು ಕಟ್ಟಿ ಬೆಳೆಯಿಸಿದ ಹೆಸರನ್ನು ಕೊಂಡುಕೊಂಡವನ ಧರ್ಮವೂ ಇದೇ. ಸಂಸ್ಥೆಯವರೇ ತಮ್ಮ ಹಳೆಯ ಗಾಡಿಗಳ ರಕ್ಷಣೆಗೆ 1983ರಲ್ಲಿ ಒಂದು ನ್ಯಾಸವನ್ನು ಸ್ಥಾಪಿಸಿರುತ್ತಾರೆ. ಗಾಡಿಗಳು ನ್ಯಾಸವಾಗಬಹುದಾದರೆ ಹೆಸರೂ ನ್ಯಾಸವೇ ಸರಿ. ಆದುದರಿಂದ ಟಾಟಾ ಸಮೂಹದವರಿಗೆ ನಮ್ಮ ಸ್ಪಷ್ಟವಾದ ಸೂಚನೆಯು ಇಷ್ಟೇ: ಹೊಸ ಗಾಡಿಯನ್ನು ಧೈರ್ಯದಿಂದ ಮಾಡಿರಿ; ಅದು ಹಿಂದಿನವುಗಳಂತೆ ಕಾಣಬೇಕೆಂಬ ಹಟವು ನಮಗಿಲ್ಲ; ಆದರೆ ಹಳೆಯ ಗಾಡಿಗಳ ಒಡೆಯರಿಗೆ ಬಿಡಿ ಭಾಗಗಳೂ ರಿಪೇರಿಯೂ ತಪ್ಪದಂತೆ ನೋಡಿಕೊಳ್ಳಿರಿ, ಅವರನ್ನು ಕಳೆದ ಕಾಲದ ಕಸವೆಂದು ಬಗೆಯಬೇಡಿರಿ, ಮಾಡುವದರ ಕಾರಣವನ್ನು ಅವರಿಗೆ ಮೊದಲು ಹೇಳಿರಿ. ಅಭಿಮಾನಿಗಳಿಗೂ ಒಂದು ಮಾತು. ಪ್ರೀತಿಯೆಂಬದು ವಸ್ತುವು ಬದುಕಿರುವಾಗ ಅದಕ್ಕೆ ಗಿರಾಕಿಯಾಗುವದರಲ್ಲಿಯೂ ಇದೆ. ಅದು ಹೋದ ಮೇಲೆ ಅಳುವದರಲ್ಲಿ ಮಾತ್ರ ಇಲ್ಲ.

ನಮ್ಮ ಶಿರಸ್ತೆದಾರರು ಬಂದುಹೋದ ಮರುದಿನ ನಾವು ಮೊದಲನೆಯ ಪುಟದಲ್ಲಿ ನಾಲ್ಕು ಸಾಲುಗಳನ್ನು ಅಚ್ಚು ಹಾಕಿಸಿ, ಹಳೆಯ ಅಚ್ಚು ಸವೆದ ಸಂಗತಿಯನ್ನು ವಾಚಕರಿಗೆ ತಿಳಿಸಿದೆವು. ಅದನ್ನೋದಿದ ಆ ವೃದ್ಧರು, “ಇದನ್ನು ನಿನ್ನೆಯೇ ಹಾಕಬೇಕಾಗಿತ್ತು” ಎಂದಷ್ಟೇ ಅಂದರು. ಅವರು ಬದುಕಿರುವವರೆಗೂ ಅವರ ಚಂದಾ ಹಣವು ಒಂದು ದಿನವೂ ತಡವಾಗಲಿಲ್ಲ. ಕೋವೆಂಟ್ರಿಯವರಿಗೂ ಮುಂಬಯಿಯವರಿಗೂ ನಾವು ಹೇಳಬೇಕಾದುದನ್ನು ಅವರು ಎಂದೋ ಹೇಳಿದ್ದಾರೆ.