ಶಿಂಜುಕುದಲ್ಲಿ ದಾರಿ ಕೇಳ್ತೀವಿ, ಉದಯಗಿರಿಯಲ್ಲಿ ಯಾಕೆ ಕೇಳಲ್ಲ?

ಕಂಪನಿ ಟ್ರೈನಿಂಗ್‌ಗೆ ಟೋಕಿಯೋಗೆ ಹೋಗಿದ್ದ ನಮ್ಮ ಸೀನಿಯರ್ ಅಕ್ಕ ಮೊನ್ನೆ ಕ್ಯಾಂಪಸ್ಸಿಗೆ ಬಂದಿದ್ರು. ಕ್ಯಾಂಟೀನಿನಲ್ಲಿ ಸುತ್ತ ಕೂತು ನಾವು ಕೇಳಿದ್ದು ಒಂದೇ: ಮೊದಲ ಮೂರು ದಿನ ಹೇಗಿತ್ತು?

ಅವರು ಹೇಳಿದ್ದೆಲ್ಲ ದಾರಿ ತಪ್ಪಿದ ಕತೆಗಳೇ. ಶಿಂಜುಕು ಸ್ಟೇಷನ್ನಿಗೆ 200ಕ್ಕೂ ಹೆಚ್ಚು ಬಾಗಿಲುಗಳು. ತಪ್ಪು ಬಾಗಿಲಿನಿಂದ ಹೊರಬಿದ್ರೆ ಬೇರೆ ಊರಿಗೇ ಬಂದ ಹಾಗೆ. ವಿಳಾಸ ಹುಡುಕೋಣ ಅಂದ್ರೆ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ನಾವು ಮೇನು, ಕ್ರಾಸು ಅಂತ ರಸ್ತೆಗೆ ನಂಬರ್ ಕೊಡ್ತೀವಿ. ಅಲ್ಲಿ ರಸ್ತೆಗಳ ನಡುವಿನ ಬ್ಲಾಕಿಗೆ ನಂಬರ್. ಕೊನೆಗೆ ಕೈಹಿಡಿದದ್ದು 'ಕೋಬನ್', ಅಂದರೆ ಬೀದಿ ಮೂಲೆಯ ಪುಟ್ಟ ಪೊಲೀಸ್ ಚೌಕಿ. ದಾರಿ ಹೇಳೋದು ಅಲ್ಲಿನ ಪೊಲೀಸರ ದಿನನಿತ್ಯದ ಕೆಲಸ. ಮೂರನೇ ದಿನ ಅಕ್ಕ ಸುಮ್ನೆ ಯಾಮಾನೊತೆ ಲೈನಿನ ರೈಲು ಹತ್ತಿದ್ರು. 30 ಸ್ಟೇಷನ್, ಸುಮಾರು ಒಂದು ಗಂಟೆ, ಹತ್ತಿದ ಜಾಗಕ್ಕೇ ವಾಪಸ್.

ನಾವೂ ಒಮ್ಮೆ ಹಾಗೆ ದಾರಿ ತಪ್ಪಬೇಕು ಅಂದ್ಕೊಂಡ್ವಿ.

ಅದೇ ವಾರ ನಮ್ಮ ಕ್ಲಾಸಿನ ಹುಡುಗ ಉದಯಗಿರಿಯ ತನ್ನ ಮನೆಗೆ ಊಟಕ್ಕೆ ಕರೆದ. ಹನ್ನೊಂದು ಜನರಲ್ಲಿ ಹೋದವರು ನಾಲ್ವರು. ಉಳಿದವರಿಗೆ ರೆಕಾರ್ಡ್ ಬರೆಯೋದಿತ್ತು, ತಲೆನೋವಿತ್ತು, ಮನೇಲಿ "ಆ ಕಡೆಗೆಲ್ಲ ಯಾಕೆ?" ಅಂದಿದ್ರು. ಅವರಮ್ಮ ಹನ್ನೊಂದು ಜನಕ್ಕೂ ಅಡುಗೆ ಮಾಡಿದ್ರು. ಅವನು ಏನೂ ಅನ್ನಲಿಲ್ಲ. ಮಾರನೇ ದಿನ ಉಳಿದದ್ದನ್ನು ಡಬ್ಬಿಯಲ್ಲಿ ತಂದ. ಮೊದಲು ಕೈ ಹಾಕಿದವರು ಹೋಗದೇ ಇದ್ದ ನಾವೇ.

ಹೊಸ ಜಾಗದಲ್ಲಿ ಹೆದರಿಕೆ ಸಹಜ. ಅಕ್ಕನೂ ಹೆದರಿದ್ರು. ಆದರೆ ಟೋಕಿಯೋ ತನಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡು ಹೋಗಿದ್ರು, ಹಾಗಾಗಿ ಕೇಳಿದ್ರು. ನಾವು ಉದಯಗಿರಿ ಗೊತ್ತು ಅಂದ್ಕೊಂಡುಬಿಟ್ಟಿದ್ದೀವಿ. ಗೊತ್ತಿರೋದಾದ್ರೂ ಏನು? 2025ರ ಫೆಬ್ರವರಿಯಲ್ಲಿ ಅಲ್ಲಿನ ಪೊಲೀಸ್ ಠಾಣೆ ಮೇಲೆ ಕಲ್ಲು ತೂರಾಟ ಆಯ್ತು, ಟಿವಿಯಲ್ಲಿ ನೋಡಿದ್ವಿ. ಅದು ನಡೆದದ್ದು ನಿಜ, ತಪ್ಪೂ ನಿಜ. ಆದರೆ ಒಂದು ರಾತ್ರಿಯ ವಿಡಿಯೋ ಒಂದು ಬಡಾವಣೆಯ ಮ್ಯಾಪ್ ಆಗಲ್ಲ.

ನಾವೆಲ್ಲ ಎಂಜಿನಿಯರ್ಸ್ ಡೇ ದಿನ ಹಾರ ಹಾಕೋ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿದ್ರು. ಆಗ ಅವರು ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್. ಜಪಾನಿನ ಶಿಕ್ಷಣ, ಕೈಗಾರಿಕೆಗಳು ಅವರ ಮನಸ್ಸಿನಲ್ಲಿ ಉಳಿದವು. ಮುಂದೆ ಮೈಸೂರಿನ ದಿವಾನರಾಗಿ ಅವೆರಡಕ್ಕೇ ಒತ್ತು ಕೊಟ್ಟರು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ಅವರ ಕಾಲದಲ್ಲೇ. ದೂರದಲ್ಲಿ ಕಂಡದ್ದು ಊರಿಗೆ ಉಪಯೋಗಕ್ಕೆ ಬಂತು. ನಮ್ಮ ಟೋಕಿಯೋ ಆಸೆಯೂ ಊರಿಗೆ ಬರಬೇಕಲ್ವಾ?

ಹಾಗಂತ ಕ್ಯಾಮೆರಾ ಹಿಡಿದು ಉದಯಗಿರಿ ಟೂರ್ ಹೊರಡೋಣ ಅಂತ ನಾವು ಹೇಳ್ತಿಲ್ಲ. ಅದು ಪ್ರದರ್ಶನ ಅಲ್ಲ, ನಮ್ಮ ಗೆಳೆಯನ ಮನೆ ಇರೋ ಜಾಗ. ಕರೆದಾಗ ಹೋಗೋಣ, ಅಷ್ಟೇ. ಗಲ್ಲಿ ತಪ್ಪಿದ್ರೆ ಟೀ ಅಂಗಡಿಯಲ್ಲಿ ಕೇಳೋಣ. ಅಕ್ಕನ ಹಾಗೆ ಜಪಾನಿ ಭಾಷೆ ಕಲಿತು ಕೇಳಬೇಕಾಗಿಲ್ಲ; ಕನ್ನಡದಲ್ಲಿ ಕೇಳಿದ್ರೆ ಸಾಕು.

ನಾವು ಅವನಿಗೆ ಸಾರಿ ಹೇಳಿದ್ವಿ. "ಅಮ್ಮ ಮುಂದಿನ ಭಾನುವಾರ ಬನ್ನಿ ಅಂದಿದ್ದಾರೆ" ಅಂದ. ಈ ಸಲ ರೆಕಾರ್ಡ್ ಶನಿವಾರವೇ ಬರೆದು ಮುಗಿಸ್ತೀವಿ.