ಕಂಬ ಉಳಿದ್ರೆ ಮನೆ ಉಳೀತಾ?

ಸಖರಾಯಪಟ್ಟಣದ ನಮ್ಮಜ್ಜನ ಮನೆ ಕೆಡವೋದು ಅಂತ ತೀರ್ಮಾನ ಆಗಿದೆ. ಚಿಕ್ಕಪ್ಪ ಫೋನ್ ಮಾಡಿ ಹೇಳಿದಾಗ ನಾನು ಬೆಂಗಳೂರಿನ ಎಂಟನೇ ಮಹಡಿಯ ಫ್ಲಾಟಿನಲ್ಲಿ ಕೂತು ಪರಂಪರೆ, ಸಂಸ್ಕೃತಿ ಅಂತೆಲ್ಲ ಭಾಷಣ ಬಿಗಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆಯ್ತಪ್ಪಾ, ಈ ಸಲ ಹೆಂಚು ಕೈಯಾಡಿಸೋಕೆ ನೀನೇ ಬರ್ತೀಯಾ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ತೊಟ್ಟಿಮನೆ ಫೋಟೋ ಹಾಕಿ "ಆಹಾ, ಆ ದಿನಗಳು!" ಅಂತ ಬರೆಯೋ ನಾವೆಲ್ಲ (ನಾನೂ ಸೇರಿ) ಇದಕ್ಕೆ ಉತ್ತರ ಕೊಡಬೇಕು.

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಸಂತೋಷ. ಆದ್ರೆ ಆ ಕಲ್ಲು ಕೆತ್ತಿದವರು ಮಲಗಿದ ಮನೆಗಳೆಲ್ಲಿ? ಮಣ್ಣು-ಮರದ ಮನೆ ಕಲ್ಲಿನ ಹಾಗೆ ತಾನಾಗಿ ನಿಲ್ಲೋದಿಲ್ಲ. ಗೆದ್ದಲು ಹಿಡಿದ ತೊಲೆ ಬದಲಿಸ್ತಾ, ಗೋಡೆ ಮೆತ್ತುತ್ತಾ ಇದ್ರೆ ಮಾತ್ರ ಉಳಿಯುತ್ತೆ. ನಮ್ಮಜ್ಜನ ಮನೆ ಹೊಯ್ಸಳರ ಕಾಲದ್ದೇನಲ್ಲ. ಆದ್ರೆ ಅಂಕಣದ ಲೆಕ್ಕ, ಜಗುಲಿ, ತೊಟ್ಟಿ ಅನ್ನೋ ಕಟ್ಟೋ ರೀತಿ ಕೈಯಿಂದ ಕೈಗೆ ಬಂದದ್ದು.

ಸರ್ಕಾರ ಏನು ಮಾಡುತ್ತೆ? 1958ರ ಸ್ಮಾರಕ ಕಾಯಿದೆ ಪ್ರಕಾರ ರಕ್ಷಣೆ ಸಿಗಬೇಕಂದ್ರೆ ಕಟ್ಟಡಕ್ಕೆ ಕನಿಷ್ಠ ನೂರು ವರ್ಷ ಆಗಿರಬೇಕು. ಅದೇ 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಮಣ್ಣಿನ ಗೋಡೆ ಅಂದ್ರೆ "ಕಚ್ಚಾ". ಬಡವರು ಹೊಸದಾಗಿ ಪಕ್ಕಾ ಮನೆ ಕಟ್ಟೋಕೆ ಸಹಾಯಧನ ಇದೆ. ಇರಲೇಬೇಕು. ಆದ್ರೆ ಹಳೇ ಗೋಡೆಗೆ ಮಣ್ಣು ಮೆತ್ತೋಕೆ?

ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ರು. ಕೈ ಮುಗೀತೀನಿ. ಆದ್ರೆ ಅಲ್ಲಿ ಒಲೆ ಉರಿಯೋದಿಲ್ಲ, ಯಾರೂ ಜಗುಲಿ ಮೇಲೆ ಎಲೆ-ಅಡಿಕೆ ಹಾಕ್ಕೊಂಡು ಕೂರೋದಿಲ್ಲ. ನಮ್ಮನೆಗಂತೂ ಅಷ್ಟೂ ಪುಣ್ಯ ಇಲ್ಲ. ಕಂಬಕ್ಕಿಷ್ಟು, ಬಾಗಿಲಿಗಿಷ್ಟು ಅಂತ ರೇಟು ಹೇಳೋರು ಆಗಲೇ ಬಂದು ಹೋಗಿದ್ದಾರೆ. ನಾಳೆ ಯಾವುದೋ ರೆಸಾರ್ಟಿನಲ್ಲಿ ಆ ಕಂಬಕ್ಕೆ ಒರಗಿ ನಾವೇ ಫೋಟೋ ತೆಗೆಸ್ಕೋತೀವಿ!

ಚಿಕ್ಕಮ್ಮನಿಗೆ ಮಂಡಿ ನೋವು, ಬಚ್ಚಲು ಹಿತ್ತಲಲ್ಲಿ, ಮಳೆ ಬಂದ್ರೆ ನಡುಮನೆ ಸೋರುತ್ತೆ. ಇಂಥಲ್ಲಿ "ಉಳಿಸಿ" ಅನ್ನೋ ಹಕ್ಕು ದುಡ್ಡು ಹಾಕೋನಿಗೆ ಮಾತ್ರ. ತೊಟ್ಟಿ, ಹಜಾರ ಉಳಿಸಿ ಹಿಂದೆ ಹೊಸ ಅಡುಗೆಮನೆ, ಬಚ್ಚಲು ಕಟ್ಟೋಣ, ಅರ್ಧ ಖರ್ಚು ನಂದು ಅಂದಿದ್ದೀನಿ. ಚಿಕ್ಕಪ್ಪ ಇನ್ನೂ ಹೂಂ ಅಂದಿಲ್ಲ. ಶನಿವಾರ ಟೇಪ್ ಹಿಡ್ಕೊಂಡು ಹೋಗ್ತೀನಿ. ಒಪ್ಪದಿದ್ರೆ ಅಳತೆಯಾದ್ರೂ ಉಳೀಲಿ.

ನಿಮ್ಮೂರ ಮನೆ ಹೆಂಚಿಗೆ ನೀವು ಕೊನೇ ಸಲ ದುಡ್ಡು ಕಳಿಸಿದ್ದು ಯಾವಾಗ?