ಪಕ್ಕದಲ್ಲಿ ಕೂತು ಹೇಳಿಕೊಡುವವರು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕಿಸೋಣವೆಂದರೆ ಅದು ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಹಾಗಾಗಿ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆ ಮಕ್ಕಳ ಓದಿಗೆಂದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಲ್ಯಾಪ್‌ಟಾಪುಗಳು ಬೀರು ಸೇರುತ್ತಿವೆ. ಕೇಳಿದರೆ "ಅದು ಹೋಯ್ತು ಬಿಡಿ" ಎನ್ನುತ್ತಾರೆ. ಹೋಗಿಲ್ಲ. 4 ಜಿಬಿ ರ್ಯಾಮ್ ಇದ್ದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್ ಅದರಲ್ಲಿ ಸಲೀಸಾಗಿ ಓಡುತ್ತದೆ, ಕಾಸು ಕೊಡಬೇಕಾಗಿಲ್ಲ. ಹಾಕಿಕೊಡುವವರು ಹುಡುಕಿದರೆ ಸಿಗುತ್ತಾರೆ. ಹಾಕಿದ ಮೇಲೆ ಪಕ್ಕದಲ್ಲಿ ಕೂತು ಹೇಳಿಕೊಡುವವರು ಸಿಗುವುದೇ ಕಷ್ಟ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ದೊಡ್ಡ ಪರಂಪರೆಯಿದೆ. 1990ರ ದಶಕದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಬರುವಂತೆ ಮಾಡಿದವರಲ್ಲಿ ಅತುಲ್ ಚಿಟ್ನಿಸ್ ಮುಖ್ಯರು. 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ ಮುಂದೆ ಫಾಸ್.ಇನ್ ಆಗಿ 2012ರವರೆಗೆ ನಡೆಯಿತು. ನನಗೆ ಸಮ್ಮೇಳನಕ್ಕಿಂತ ದೊಡ್ಡದಾಗಿ ಕಾಣುವುದು ಗುರಪ್ಪನಪಾಳ್ಯದ ಕೊಳೆಗೇರಿಯ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ. ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಅಲ್ಲಿ ಹಳೆಯ ಕಂಪ್ಯೂಟರುಗಳನ್ನಿಟ್ಟು ಕೂಲಿಕಾರರ ಮಕ್ಕಳಿಗೆ ಲಿನಕ್ಸ್ ಕಲಿಸಿದರು. ಮಕ್ಕಳು ಗಿಂಪ್ ಎಂಬ ತಂತ್ರಾಂಶದಲ್ಲಿ ಚಿತ್ರ ಬರೆದರು.

ಇನ್ನೊಂದು ಉದಾಹರಣೆ ಗಡಿಯಾಚೆಯದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದೇ ಲಿನಕ್ಸ್ ಮೇಲೆ. ಕೇರಳ ಸರ್ಕಾರ ಸುಮಾರು 20 ವರ್ಷಗಳ ಹಿಂದೆಯೇ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶವೇ ಸಾಕೆಂದು ತೀರ್ಮಾನಿಸಿ, ಮೊದಲು ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿತು. ಈಗ ಆ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಎಂಬ ಲಿನಕ್ಸನ್ನು ಶಾಲೆಗೆ ಒಗ್ಗಿಸಿ ಹಂಚುತ್ತದೆ. 2018ರಿಂದ ಪ್ರೌಢಶಾಲೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟಗಳೂ ಇವೆ. ನಮ್ಮಲ್ಲೂ ಬೀಜ ಬಿದ್ದಿತ್ತು. ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿ, ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಉಬುಂಟು ಮೇಲೆಯೇ ತರಬೇತಿ ಕೊಟ್ಟಿತು. ಅಲ್ಲಿ ಕಲಿತವರು ಇನ್ನೂ ಪಾಠ ಹೇಳುತ್ತಿದ್ದಾರೆ.

ನಮ್ಮ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಆ ತರಬೇತಿ ಪಡೆದ ಮೇಷ್ಟ್ರುಗಳನ್ನೂ ಕಾಲೇಜು ಹುಡುಗ ಹುಡುಗಿಯರನ್ನೂ ಒಂದೆಡೆ ಸೇರಿಸಿ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದಲ್ಲೇ ಒಂದು ದಿನದ ಶಿಬಿರ ಮಾಡಬಹುದು. ಬೇಕಾದದ್ದು ಶಾಲೆಯ ಒಂದು ಕೊಠಡಿ, ನಾಲ್ಕಾರು ಪೆನ್‌ಡ್ರೈವ್, ಎಕ್ಸ್‌ಟೆನ್ಶನ್ ಬಾಕ್ಸುಗಳು (ಹಳೆಯ ಲ್ಯಾಪ್‌ಟಾಪುಗಳ ಬ್ಯಾಟರಿ ಸತ್ತಿರುತ್ತದೆ). ಮೊದಲು ಫೋಟೊ, ಅಂಕಪಟ್ಟಿ, ಪಹಣಿಯ ಪ್ರತಿ ಎಲ್ಲವನ್ನೂ ಬೇರೆಡೆ ಉಳಿಸಿಕೊಳ್ಳಬೇಕು. ಆಮೇಲೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ವೈಫೈ, ಧ್ವನಿ, ಕ್ಯಾಮೆರಾ ನೋಡಬೇಕು. ಡಿಸ್ಕ್ ಅಳಿಸಲೇ ಎಂದು ಪರದೆ ಕೇಳಿದಾಗ, ಅದರ ಅರ್ಥ ತಿಳಿಸಿ, ಯಂತ್ರದ ಒಡೆಯರಿಂದಲೇ ಗುಂಡಿ ಒತ್ತಿಸಬೇಕು. ಮೌಸ್ ಕಸಿದುಕೊಂಡು ಸರಸರ ಮುಗಿಸಿಬಿಟ್ಟರೆ ಅವರು ಕಲಿಯುವುದಿಲ್ಲ.

ಅಸಲಿ ಪರೀಕ್ಷೆ ಕನ್ನಡ ಟೈಪಿಂಗ್. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಸಂತೋಷದ ಸುದ್ದಿ ಇದೆ: ಕೆ.ಪಿ. ರಾವ್ ರೂಪಿಸಿದ ಅದೇ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಒಳಗೇ ಕಗಪ ಎಂಬ ಹೆಸರಿನಲ್ಲಿದೆ, ಇಳಿಸಿಕೊಳ್ಳುವ ಕೆಲಸವಿಲ್ಲ. ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಆದರೆ ನುಡಿಯ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಲಸಿಕೊಂಡು ಕಾಣುತ್ತವೆ. ಅರ್ಜಿ, ಸಂಘದ ನಡಾವಳಿ, ಕವಿಗಳ ಹಸ್ತಪ್ರತಿ ಎಲ್ಲ ಹಾಳಾಯಿತೆಂದು ಎದೆ ಧಸಕ್ಕೆನ್ನುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶವನ್ನೂ ಕನ್ನಡದವರೇ ಬರೆದು ಎಲ್ಲರಿಗೂ ಕೊಟ್ಟಿದ್ದಾರೆ. ಪರಿವರ್ತಿಸಿದ ಪುಟವನ್ನು ಶಿಬಿರದಲ್ಲೇ ಒಮ್ಮೆ ಕಣ್ಣಾರೆ ತೋರಿಸಬೇಕು.

ಎರಡು ವಾರ ಕಳೆದು ಮತ್ತೊಮ್ಮೆ ಸೇರುವ ತಾರೀಖನ್ನು ಮೊದಲ ದಿನವೇ ಹೇಳಿ ಕಳಿಸಬೇಕು. ಪ್ರಿಂಟರ್ ಕೈಕೊಡುವುದು, ಪಾಸ್‌ವರ್ಡ್ ಮರೆಯುವುದು ಮನೆಗೆ ಹೋದ ಮೇಲೆಯೇ. ಆಗ ಕೇಳಲು ಯಾರೂ ಸಿಗದವರು ಲ್ಯಾಪ್‌ಟಾಪನ್ನು ಮತ್ತೆ ಬೀರುವಿಗೆ ಸೇರಿಸುತ್ತಾರೆ. ಸಾಫ್ಟ್‌ವೇರ್ ಸ್ವಾತಂತ್ರ್ಯ ದಿನ ಬರುವುದು ಸೆಪ್ಟೆಂಬರಿನ ಮೂರನೇ ಶನಿವಾರ. ಆ ಹೊತ್ತಿಗೆ ಶಿಬಿರ ನಡೆಸಬೇಕೆಂಬುದು ನಮ್ಮ ಬಳಗದ ಆಸೆ. ಲಿನಕ್ಸ್ ಬಲ್ಲ ಓದುಗರು, ಅದರಲ್ಲೂ ತರಬೇತಿ ಪಡೆದ ಮೇಷ್ಟ್ರು ಮೇಡಂಗಳು, ಯಾವ ಶನಿವಾರ ಬಿಡುವಿದೆಯೆಂದು ಬರೆದು ತಿಳಿಸಿ.